ಮೆಚ್ಚಿನ ಕುಶಲಕರ್ಮಿಯೊಂದಿಗೆ ಫಜ್ ಪೆಡಲ್ ರೂಪಿಸುವಾಗ ಏನನ್ನು ಮೊದಲೇ ಮಾತಾಡಿಕೊಳ್ಳಬೇಕು?

ಆರನೇತಂತಿ

ಬೆಂಗಳೂರಿನಲ್ಲಿ ಕೈಯಾರೆ ಗಿಟಾರ್ ಪೆಡಲ್ (ಗಿಟಾರಿನ ಸದ್ದನ್ನು ಬದಲಿಸುವ, ಕಾಲಿನಿಂದ ಒತ್ತುವ ಡಬ್ಬಿ) ಕಟ್ಟುವ ಹಿರಿಯರೊಬ್ಬರಿದ್ದಾರೆ. ಅವರು ಮಾಡಿದ, ಸದ್ದನ್ನು ತುಸು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಏಳು ವರ್ಷಗಳಿಂದ ನನ್ನ ಬಳಿ ಇದೆ. ಅದರ ತಳ ಬಿಚ್ಚಿ ಬೆಸುಗೆಗಳನ್ನು ನೋಡಿದಾಗಲೆಲ್ಲ ಕಾಪಿ ಪುಸ್ತಕದ ದುಂಡಗಿನ ಅಕ್ಷರಗಳು ನೆನಪಾಗುತ್ತವೆ. ಕಳೆದ ತಿಂಗಳು ಧೈರ್ಯ ಮಾಡಿ, ಇಬ್ಬರೂ ಸೇರಿ ಸದ್ದನ್ನು ಇನ್ನೂ ಒರಟಾಗಿಸುವ ಒಂದು ಫಜ್ ಪೆಡಲ್ ರೂಪಿಸೋಣವೇ ಎಂದು ಕೇಳಿದೆ. ಅವರು ಒಪ್ಪಿದ್ದಾರೆ.

ನಾನು ಆರನೇ ತಂತಿಯನ್ನು ಷಡ್ಜಕ್ಕೆ ಇಳಿಸಿಕೊಂಡು, ಅದನ್ನು ಶ್ರುತಿಯಂತೆ ಮೀಟುತ್ತಾ ಮೇಲಿನ ತಂತಿಗಳಲ್ಲಿ ರಾಗ ನುಡಿಸುತ್ತೇನೆ; ಹೆಚ್ಚಾಗಿ ಮಧ್ಯಮಾವತಿ. ಅಂಗಡಿಯಲ್ಲಿ ಸಿಗುವ ಫಜ್‌ಗಳಲ್ಲಿ ಒಂಟಿ ಸ್ವರ ಸೊಗಸಾಗಿ ಬರುತ್ತದೆ, ಆದರೆ ಶ್ರುತಿ ಸೇರಿದೊಡನೆ ಎಲ್ಲವೂ ಕೆಸರಾಗುತ್ತದೆ. ಮೊದಲ ಭೇಟಿಗೆ ಹೆಸರಾಂತ ಹಳೆಯ ಫಜ್ ಪೆಡಲ್ ಆದ ಫಜ್ ಫೇಸ್‌ನ ಸರ್ಕ್ಯೂಟ್ ನಕ್ಷೆಯನ್ನು ಮುದ್ರಿಸಿಕೊಂಡು, ಬದಲಿಸಬೇಕಾದ ರೆಸಿಸ್ಟರ್‌ಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡು ಹೋಗಿದ್ದೆ. ಅವರು ಹಾಳೆಯನ್ನು ನೋಡಿ, ನಾಲ್ಕಾಗಿ ಮಡಿಸಿ ಮಲ್ಟಿಮೀಟರಿನ ಕೆಳಗಿಟ್ಟು, ‘ಮುಂದಿನ ಸಲ ಗಿಟಾರ್ ತನ್ನಿ’ ಎಂದಷ್ಟೇ ಹೇಳಿದರು. ನಾನು ಎಲ್ಲಿ ಎಡವಿದೆ? ನನಗೆ ಬೇಕಾದ ಸದ್ದನ್ನು ಅವರಿಗೆ ಹೇಗೆ ವಿವರಿಸಲಿ? ಹಣ, ಹೆಸರು, ಮುಂದೆ ಹತ್ತಿಪ್ಪತ್ತು ಮಾಡಿ ಮಾರುವ ವಿಚಾರವನ್ನು ಈಗಲೇ ಎತ್ತಿದರೆ ಅಗೌರವವಾದೀತೇ?

ಬೆಸುಗೆಕಡ್ಡಿ

ನಾನೂ ಪೆಡಲ್ ಕಟ್ಟುವವನೇ ಆದ್ದರಿಂದ ಅವರು ಹಾಳೆಯನ್ನು ಏಕೆ ಮಡಿಸಿಟ್ಟರೆಂಬುದು ನನಗೆ ಅರ್ಥವಾಗುತ್ತದೆ. ವೈದ್ಯರೆದುರು ಕುಳಿತು ಔಷಧಿ ಚೀಟಿಯನ್ನು ನೀವೇ ಬರೆದುಕೊಟ್ಟಂತಾಗಿದೆ. ನೋವು ಎಲ್ಲಿದೆ ಎಂಬುದನ್ನು ಮಾತ್ರ ಹೇಳಿ.

ನಿಮ್ಮ ಕೆಸರಿಗೆ ಕಾರಣವಿದೆ. ಫಜ್ ಸದ್ದಿನ ಅಲೆಯ ತುದಿಗಳನ್ನು ಕತ್ತರಿಸುತ್ತದೆ. ಎರಡು ಸ್ವರಗಳು ಒಟ್ಟಿಗೆ ಕತ್ತರಿಸಲ್ಪಟ್ಟಾಗ ಅವುಗಳ ಆವರ್ತನಗಳ ಮೊತ್ತ ಮತ್ತು ವ್ಯತ್ಯಾಸ ಹೊಸ ಸ್ವರಗಳಾಗಿ ಹುಟ್ಟಿಕೊಳ್ಳುತ್ತವೆ. ಫಜ್ ಫೇಸ್‌ನಂತೆ ಅಲೆಯ ಮೇಲಿನ ಮತ್ತು ಕೆಳಗಿನ ಅರ್ಧಗಳನ್ನು ಒಂದೇ ಸಮನಾಗಿ ಕತ್ತರಿಸದ ಸರ್ಕ್ಯೂಟಿನಲ್ಲಿ ವ್ಯತ್ಯಾಸದ ಸ್ವರ ಇನ್ನೂ ಎದ್ದು ಕೇಳಿಸುತ್ತದೆ. ಲೆಕ್ಕದ ಅನುಕೂಲಕ್ಕೆ ನಿಮ್ಮ ಷಡ್ಜ 100 ಹರ್ಟ್ಸ್ ಎಂದಿಟ್ಟುಕೊಳ್ಳಿ. ಪಂಚಮ 150, ವ್ಯತ್ಯಾಸವಾದ 50 ಎಂದರೆ ಕೆಳಗಿನ ಸ್ಥಾಯಿಯ ಷಡ್ಜವೇ, ಆದ್ದರಿಂದಲೇ ಸ–ಪ ಜೋಡಿ ಫಜ್‌ನಲ್ಲೂ ಗಂಭೀರವಾಗಿ ನಿಲ್ಲುತ್ತದೆ. ಮೇಲಿನ ಸ್ಥಾಯಿಯ ಚತುಶ್ರುತಿ ರಿಷಭ ಸುಮಾರು 225. ಅದರಲ್ಲಿ 100 ಕಳೆದರೆ ಉಳಿಯುವ 125 ಅಂತರ ಗಾಂಧಾರದ ಜಾಗ. ಮಧ್ಯಮಾವತಿಯಲ್ಲಿ ಗಾಂಧಾರವೇ ಇಲ್ಲವಲ್ಲ! ನೀವು ಮೀಟದ ಸ್ವರವನ್ನು ಪೆಡಲ್ ಹಾಡುತ್ತಿದೆ.

ದಾರಿಗಳು ಎರಡಿವೆ. ಕತ್ತರಿಸುವುದಕ್ಕೆ ಮೊದಲೇ ಮಂದ್ರವನ್ನು ತೆಳುವಾಗಿಸುವುದು ಒಂದು. ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲಿನಲ್ಲಿ 4.7 ಕಿಲೋ ಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿ 720 ಹರ್ಟ್ಸ್‌ಗಿಂತ ಕೆಳಗೆ ವರ್ಧನೆಯನ್ನು ಇಳಿಸುತ್ತಾ ಹೋಗುವುದು ಹೀಗೆಯೇ. ಪೆಡಲಿನ ಸದ್ದಿನೊಂದಿಗೆ ಗಿಟಾರಿನ ಶುದ್ಧ ಸದ್ದನ್ನೂ ಬೆರೆಸುವುದು ಇನ್ನೊಂದು. ಯಾವುದು ಸರಿ ಎಂಬ ತೀರ್ಮಾನವನ್ನು ಅವರಿಗೇ ಬಿಡಿ. ನೀವು ನಿಮ್ಮ ಆಂಪ್ಲಿಫೈಯರನ್ನೂ ಒಯ್ದು, ಒಂಟಿ ಸ್ವರ, ಸ–ಪ, ಸ–ರಿ ಈ ಮೂರನ್ನೂ ಅವರೆದುರು ನುಡಿಸಿ.

ಹಳೇರೇಡಿಯೋ

ಮೇಲಿನ ಉತ್ತರದಲ್ಲಿ ಒಂದು ತೊಡಕು ಉಳಿದಿದೆ. ಫಜ್ ಫೇಸ್‌ನ ಒಳಹರಿವಿನ ಪ್ರತಿರೋಧ ಬಹಳ ಕಡಿಮೆ. ಅದು ಗಿಟಾರಿನ ಪಿಕಪ್ಪನ್ನು (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಜಗ್ಗಿ ಹಿಡಿಯುತ್ತದೆ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಇಳಿಸಿದರೆ ಸದ್ದು ತಿಳಿಯಾಗುವ ಸೊಗಸು ಬರುವುದೂ ಅದರಿಂದಲೇ. ಅದೇ ಬಿಂದುವಿನಿಂದ ಶುದ್ಧ ಸದ್ದನ್ನು ಕವಲೊಡೆಸಿದರೆ ಅದೂ ಮಂಕಾಗಿ ಬರುತ್ತದೆ. ಮುಂದೊಂದು ಬಫರ್ (ಪಿಕಪ್ಪಿನ ಮೇಲೆ ಹೊರೆ ಬೀಳದಂತೆ ತಡೆಯುವ ಸರ್ಕ್ಯೂಟ್) ಇಟ್ಟರೆ ಮಂಕು ಹೋಗುತ್ತದೆ, ಜೊತೆಗೆ ಆ ಸೊಗಸೂ ಹೋಗುತ್ತದೆ. ಎರಡರಲ್ಲಿ ಯಾವುದನ್ನು ಬಿಟ್ಟುಕೊಡಲು ಸಿದ್ಧರಿದ್ದೀರೆಂದು ಮೊದಲೇ ಯೋಚಿಸಿಕೊಂಡು ಹೋಗಿ. ಇದನ್ನು ನುಡಿಸುವವರೇ ಹೇಳಬೇಕು.

ಜರ್ಮೇನಿಯಂ ಟ್ರಾನ್ಸಿಸ್ಟರ್ ಬಳಸುವುದಾದರೆ ಕಾಯುವ ತಾಳ್ಮೆಯೂ ಬೇಕು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ಫಜ್ ಫೇಸ್‌ನಲ್ಲಿ ಎನ್‌ಕೆಟಿ275 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುತ್ತಿತ್ತು. ಈಗ ಅನೇಕರು ಎಸಿ128 ಹಾಕುತ್ತಾರೆ. ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸುತ್ತಿತ್ತು. ಎಸ್.ಪಿ. ರಸ್ತೆಯ ಹಳೆಯ ಅಂಗಡಿಯೊಂದರಲ್ಲಿ ನನಗೆ ಒಮ್ಮೆ ಕಾಗದದ ಪೊಟ್ಟಣದಲ್ಲಿ ಇಪ್ಪತ್ತು ಸಿಕ್ಕಿದ್ದವು. ಅಳೆದು ನೋಡಿದರೆ ಒಟ್ಟಿಗೆ ಕೂಡಿದ್ದು ಮೂರೇ ಜೋಡಿ. ಫಜ್ ಫೇಸ್‌ನ ಎರಡು ಟ್ರಾನ್ಸಿಸ್ಟರ್‌ಗಳಲ್ಲಿ ಮೊದಲನೆಯದರ ವರ್ಧನೆ 70ರಿಂದ 80, ಎರಡನೆಯದರದ್ದು 100ರಿಂದ 130 ಇದ್ದರೆ ಒಳ್ಳೆಯದೆಂದು ಕಟ್ಟುವವರು ಹೇಳುತ್ತಾರೆ, ಆದರೆ ಸಾಧಾರಣ ಮೀಟರು ಸೋರಿಕೆಯ ಕರೆಂಟನ್ನೂ ವರ್ಧನೆಯ ಲೆಕ್ಕಕ್ಕೇ ಸೇರಿಸಿ ತೋರಿಸಿಬಿಡುತ್ತದೆ. ಉಷ್ಣಾಂಶ ಸುಮಾರು ಹತ್ತು ಡಿಗ್ರಿ ಏರಿದರೆ ಆ ಸೋರಿಕೆ ದುಪ್ಪಟ್ಟಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಹದವಾಗಿದ್ದ ಪೆಡಲ್ ವೇದಿಕೆಯ ದೀಪಗಳ ಕೆಳಗೆ ಗೊರಗೊರ ಅನ್ನಬಹುದು. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನ ವೋಲ್ಟೇಜನ್ನು 4.5 ವೋಲ್ಟ್ ಆಸುಪಾಸಿಗೆ ತರಲು 8.2 ಕಿಲೋ ಓಮ್ ರೆಸಿಸ್ಟರಿನ ಜಾಗದಲ್ಲಿ ಒಂದು ಟ್ರಿಮ್ಮರ್ (ತಿರುಗಿಸಿ ಹೊಂದಿಸಬಹುದಾದ ರೆಸಿಸ್ಟರ್) ಹಾಕಿಸಿಕೊಳ್ಳಿ. ಪಿಎನ್‌ಪಿ ಬಗೆಯ ಟ್ರಾನ್ಸಿಸ್ಟರಿನ ಹಳೆಯ ವಿನ್ಯಾಸದಲ್ಲಿ, ಸಾಮಾನ್ಯ ಪೆಡಲ್‌ಗಳಿಗೆ ತಿರುವುಮುರುವಾಗಿ, ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ತ್ ಆಗಿರುವುದರಿಂದ, ಉಳಿದ ಪೆಡಲ್‌ಗಳ ವಿದ್ಯುತ್ ಸಾಲಿಗೆ ಅದನ್ನು ಸೇರಿಸಬೇಡಿ.

ಲೆಕ್ಕದಪುಸ್ತಕ

ಹಣದ ಮಾತು ಅಗೌರವವಲ್ಲ. ನಾನು ಒಬ್ಬ ಗೆಳೆಯನ ಜೊತೆ ಎಲ್ಲವನ್ನೂ ಬಾಯಿಮಾತಿನಲ್ಲೇ ಮುಗಿಸಿದ್ದೆ. ಪ್ರಯೋಗದ ಮೂರು ಬೋರ್ಡುಗಳು ಪೆಡಲಿನ ಬೆಲೆಯೊಳಗೇ ಬರುತ್ತವೆಂದು ನಾನು ತಿಳಿದಿದ್ದೆ, ಅವನು ಪ್ರತ್ಯೇಕವೆಂದು ತಿಳಿದಿದ್ದ. ಪೆಡಲ್ ಚೆನ್ನಾಗಿಯೇ ಬಂತು, ಆದರೆ ನಮ್ಮಿಬ್ಬರ ಮಾತು ನಿಂತು ಎರಡು ವರ್ಷವಾಯಿತು. ತಿರಸ್ಕರಿಸಿದ ಬೋರ್ಡಿಗೂ ಕೂಲಿ ಕೊಡುವುದು, ಸದ್ದಿನ ವಿಷಯದಲ್ಲಿ ಕೊನೆಯ ಮಾತು ಯಾರದು, ಮಾರಿದ ಮೇಲೆ ರಿಪೇರಿ ಯಾರು ಮಾಡುವುದು, ಇಷ್ಟನ್ನಾದರೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಸರ್ಕ್ಯೂಟಿನ ಗುಟ್ಟನ್ನು ಕಾಯುವ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಪೇಟೆಂಟ್ ಇಲ್ಲದ ಸರ್ಕ್ಯೂಟನ್ನು ಬಿಚ್ಚಿ ನೋಡಿ ಕಟ್ಟುವವರನ್ನು ತಡೆಯುವುದು ಕಷ್ಟ. ಅಮೆರಿಕದ ಬಿಲ್ ಫಿನ್ನೆಗನ್ 1994ರಿಂದ ಮಾರಿದ ಕ್ಲಾನ್ ಸೆಂಟಾರ್ ಎಂಬ ಓವರ್‌ಡ್ರೈವ್ ಪೆಡಲಿನ ಒಳಗನ್ನು ಎಪಾಕ್ಸಿ ಅಂಟು ಸುರಿದು ಮುಚ್ಚಿದ್ದರು. ಆದರೂ ಅದರ ನಕಲುಗಳಿಗೆ ಇಂದು ಲೆಕ್ಕವಿಲ್ಲ. ಕಾಯಬೇಕಾದದ್ದು ಪೆಡಲಿಗಿಡುವ ಹೆಸರನ್ನು ಮತ್ತು ಡಬ್ಬಿಯ ಮೇಲಿನ ಚಿತ್ರವನ್ನು. ಅಂದಹಾಗೆ, ಜಿಮಿ ಹೆಂಡ್ರಿಕ್ಸ್ 1967ರಲ್ಲಿ ‘ಪರ್ಪಲ್ ಹೇಜ್’ನ ಸೋಲೋದಲ್ಲಿ ಬಳಸಿದ ಆಕ್ಟೇವಿಯಾ ಎಂಬ ಪೆಡಲನ್ನು ಕಟ್ಟಿದವರು ರೋಜರ್ ಮೇಯರ್. ನುಡಿಸಿದವರಷ್ಟೇ ಗೌರವದಿಂದ ಗಿಟಾರಿಗರು ಇಂದಿಗೂ ಆ ಹೆಸರನ್ನು ಹೇಳುತ್ತಾರೆ. ನಿಮ್ಮ ಡಬ್ಬಿಯ ಮೇಲೂ ಆ ಹಿರಿಯರ ಹೆಸರೇ ಮೊದಲು ಬರಲಿ.

ಆರನೇತಂತಿ

ಎಲ್ಲರಿಗೂ ಧನ್ಯವಾದಗಳು. ಶನಿವಾರ ಗಿಟಾರ್, ಆಂಪ್ಲಿಫೈಯರ್ ಎರಡನ್ನೂ ಹೊತ್ತುಕೊಂಡು ಹೋಗಿ, ಹೇಳಿದ ಮೂರನ್ನೂ ನುಡಿಸಿದೆ. ಸ–ರಿ ಬಂದಾಗ ಅವರು ಕಣ್ಣು ಮುಚ್ಚಿ, ‘ಇನ್ನೊಂದು ಸಲ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಆ ಇಲ್ಲದ ಗಾಂಧಾರವನ್ನು ಅವರೇ ಗುನುಗಿ ತೋರಿಸಿದರು. ಬಫರ್ ಬೇಡ, ವಾಲ್ಯೂಮ್ ಗುಂಡಿಯ ಸೊಗಸೇ ಇರಲಿ ಎಂದೆ. ಹಾಗಾದರೆ ಮಂದ್ರವನ್ನು ತೆಳುವಾಗಿಸಿ ನೋಡೋಣ ಎಂದರು. ಬೋರ್ಡೊಂದಕ್ಕೆ ಇಷ್ಟು ಎಂದು ಕೂಲಿಯೂ ನಿಗದಿಯಾಯಿತು. ಹೆಸರಿನ ಮಾತೆತ್ತಿದಾಗ ‘ಸದ್ದು ಬರಲಿ, ಆಮೇಲೆ’ ಎಂದು ನಕ್ಕರು. ಮಲ್ಟಿಮೀಟರಿನ ಕೆಳಗಿದ್ದ ನನ್ನ ಹಾಳೆಯನ್ನು ಬಿಡಿಸಿ, ಅದರ ಖಾಲಿ ಬೆನ್ನಿನ ಮೇಲೆ ಕೆಪಾಸಿಟರ್‌ಗಳ ಲೆಕ್ಕ ಬರೆಯತೊಡಗಿದ್ದಾರೆ.