ಟ್ಯೂಬ್ ಮ್ಯಾಗಜೀನ್ ಇರುವ ಲಿವರ್ ರೈಫಲ್‌ಗೆ ತೋಟಾ ತುಂಬುವಾಗ ಏನು ನೋಡಿಕೊಳ್ಳಬೇಕು?

ಟೆಕ್ಸಾಸ್‌ನಿಂದ ಪ್ರಶ್ನೆ:
ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ, ಈಗ ಇರುವುದು ಟೆಕ್ಸಾಸ್‌ನಲ್ಲಿ. ಹೋದ ವಾರ ಒಂದು ಹಳೆಯ ಮಾರ್ಲಿನ್ 336 ಲಿವರ್ ರೈಫಲ್ ಕೊಂಡೆ, .30-30 ಅಳತೆಯ ತೋಟಾದ್ದು, ತೋಟಾಗಳು ನಳಿಗೆಯ ಕೆಳಗಿನ ಟ್ಯೂಬಿನಲ್ಲಿ ಕೂರುತ್ತವೆ. ಅಂಗಡಿಯವರು "ಚೂಪು ಗುಂಡು ಹಾಕಬೇಡಿ, ಟ್ಯೂಬಿನ ಒಳಗೇ ಸಿಡಿಯುತ್ತದೆ" ಅಂದರು. ಯಾಕೆ ಅಂತ ಕೇಳುವಷ್ಟರಲ್ಲಿ ಬೇರೆ ಗಿರಾಕಿ ಬಂದರು. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮೊಂಟಾನಾದಿಂದ:
ಅವರು ಹೇಳಿದ್ದು ನಿಜ ಸಾರ್. ನಿಮ್ಮ ಕಡೆಯ ಕೇಪಿನ ಕೋವಿ ಗೊತ್ತಲ್ವಾ? ಅದರ ಕುದುರೆ, ಅಂದರೆ ಸುತ್ತಿಗೆಯಂಥ ಭಾಗ, ಬಂದು ಕೇಪಿಗೆ ಬಡಿದರೆ ಈಡು ಹಾರುತ್ತದೆ. ತೋಟಾದ ಬುಡದಲ್ಲಿರುವ ಪ್ರೈಮರ್ ಕೂಡ ಅಂಥದ್ದೇ ಕೇಪು. ಟ್ಯೂಬಿನಲ್ಲಿ ತೋಟಾಗಳು ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ, ಹಿಂದಿನದರ ಮೂತಿ ಮುಂದಿನದರ ಪ್ರೈಮರಿಗೆ ತಾಗಿಕೊಂಡೇ ಇರುತ್ತದೆ. ಒಂದು ಈಡು ಹೊಡೆದಾಗ ಕೋವಿ ಒದೆಯುತ್ತದೆ, ಸ್ಪ್ರಿಂಗ್ ಕುಗ್ಗಿ ಮತ್ತೆ ತಳ್ಳುತ್ತದೆ, ಇಡೀ ಸಾಲು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಮೂತಿ ಚೂಪಾಗಿದ್ದರೆ ಅದು ಮುಂದಿನದಕ್ಕೆ ಮೊಳೆ ಹೊಡೆದ ಹಾಗೆ. ಆ ಟ್ಯೂಬ್ ಇರುವುದು ನಿಮ್ಮ ಎಡಗೈ ಹಿಡಿದಿರುವ ಮರದ ಒಳಗೆ, ಅದನ್ನು ಮರೆಯಬೇಡಿ.

ಚಪ್ಪಟೆ ಮೂತಿ ಅಥವಾ ಅಗಲವಾದ ದುಂಡು ಮೂತಿ ಮಾತ್ರ ಹಾಕಿ. ಹಾರ್ನಡಿಯ ಲೆವರೆವಲ್ಯೂಷನ್ ಚೂಪಾಗಿ ಕಾಣುತ್ತದೆ, ಆದರೆ ತುದಿ ರಬ್ಬರಿನ ಹಾಗೆ ಮೆತ್ತಗಿರುತ್ತದೆ, ಟ್ಯೂಬಿಗೆಂದೇ ಮಾಡಿದ್ದು. ಹಾಗಂತ ಕೆಂಪು ತುದಿ ಕಂಡದ್ದೆಲ್ಲ ಅದೇ ಅಂದುಕೊಳ್ಳಬೇಡಿ, ಅದೇ ಕಂಪನಿಯ ಬೇರೆ ಗುಂಡುಗಳಲ್ಲಿ ಕೆಂಪು ತುದಿ ಗಟ್ಟಿಯಾಗಿರುತ್ತದೆ. ಕೆಲವರು ಚೇಂಬರಿಗೆ (ನಳಿಗೆಯ ಹಿಂದಿನ ಗೂಡಿಗೆ) ಒಂದು, ಟ್ಯೂಬಿಗೆ ಒಂದು ಚೂಪು ಗುಂಡು ಹಾಕುತ್ತಾರೆ. ಟ್ಯೂಬಿನಲ್ಲಿ ಒಂದೇ ಇದ್ದರೆ ಅದರ ಮುಂದೆ ಪ್ರೈಮರ್ ಇಲ್ಲ, ಸರಿ. ನಾನಂತೂ ಮಾಡುವುದಿಲ್ಲ. ಬೇಟೆಯ ಗಡಿಬಿಡಿಯಲ್ಲಿ ಕೈ ಇನ್ನೊಂದನ್ನು ತಳ್ಳಿಬಿಡುತ್ತದೆ.

ಒಹಾಯೋದಿಂದ:
ಮೂತಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಕೈಯ ಬಗ್ಗೆ ಹೇಳುವವರು ಕಡಿಮೆ. ನಾನು ಕಣ್ಣಾರೆ ಕಂಡದ್ದು ಚಪ್ಪಟೆ ಮೂತಿಯ .45 ಕೋಲ್ಟ್ ತೋಟಾ ಸಿಡಿದದ್ದು. ಕೋವಿ 1860ರ ಹೆನ್ರಿ ರೈಫಲಿನ ಈಗಿನ ನಕಲು, ಅದಕ್ಕೆ ನಳಿಗೆಯ ತುದಿಯ ಕಡೆಯಿಂದ ತುಂಬಬೇಕು. ಗೆಳೆಯರೊಬ್ಬರು ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಮೇಲಿನಿಂದ ಒಂದೊಂದೇ ಬೀಳಿಸಿದರು, ಟಕ್ ಟಕ್ ಅಂತ ಸದ್ದು ನನಗೂ ಕೇಳುತ್ತಿತ್ತು, ಸುಮ್ನೆ ನೋಡುತ್ತಾ ನಿಂತಿದ್ದೆ. ಕೊನೆಗೆ ಸ್ಪ್ರಿಂಗಿನ ಹಿಡಿ ಬೆರಳಿನಿಂದ ಜಾರಿ ಸಾಲಿನ ಮೇಲೆ ಚಟ್ಟನೆ ಬಡಿಯಿತು. ಟ್ಯೂಬ್ ಉಬ್ಬಿತು, ಹಿತ್ತಾಳೆಯ ಚೂರೊಂದು ಅಂಗೈಗೆ ಹೊಕ್ಕಿತು. ಮುಖ ಪಕ್ಕಕ್ಕಿತ್ತು, ಕಣ್ಣು ಉಳಿಯಿತು.

ಉಳಿದ ತೋಟಾಗಳನ್ನು ಆಮೇಲೆ ನೋಡಿದೆವು. ಅವರೇ ಮನೆಯಲ್ಲಿ ಮದ್ದು ತುಂಬಿದ್ದವು. ಎರಡರಲ್ಲಿ ಪ್ರೈಮರ್ ಪೂರ್ತಿ ಒಳಗೆ ಕೂತಿರಲಿಲ್ಲ, ಬುಡದ ಮೇಲೆ ಬೆರಳಾಡಿಸಿದರೆ ಗುಬುಟು ತಾಗುತ್ತಿತ್ತು. ಅಂದಿನಿಂದ ನಾನು ಪ್ರತಿಯೊಂದರ ಬುಡವನ್ನೂ ಸವರಿ ನೋಡುತ್ತೇನೆ. ಮುಂದಿನಿಂದ ತುಂಬುವ ಕೋವಿಯಾದರೆ ಓರೆಯಾಗಿ ಹಿಡಿದು, ಮುಖ ತುದಿಯಿಂದ ದೂರ ಇಟ್ಟು, ತೋಟಾ ಮೆಲ್ಲಗೆ ಜಾರಲು ಬಿಡುತ್ತೇನೆ. ಸ್ಪ್ರಿಂಗನ್ನು ಕೊನೆಯ ತನಕ ಕೈಯಲ್ಲೇ ಇಳಿಸುತ್ತೇನೆ.

ಆಲ್ಬರ್ಟಾದಿಂದ:
ನಿಮ್ಮ 336ಕ್ಕೆ ಬಲಗಡೆ ಪುಟ್ಟ ಬಾಗಿಲು ಇದೆ, ಬೀಳಿಸುವ ಪ್ರಶ್ನೆಯೇ ಇಲ್ಲ. ನಳಿಗೆ ಗುರಿಯ ದಿಬ್ಬದ ಕಡೆ ಇರಲಿ. ತೋಟಾವನ್ನು ಪೂರ್ತಿ ತಳ್ಳದೆ ಬುಡ ಬಾಗಿಲಲ್ಲೇ ನಿಲ್ಲಿಸಿ, ಮುಂದಿನದರ ಮೂತಿಯಿಂದ ಮೆಲ್ಲಗೆ ಒತ್ತಿ, ಬೆರಳಿಗೂ ಗಾಯ ಆಗುವುದಿಲ್ಲ. ಜಾಸ್ತಿ ಬಲ ಬೇಕಾದರೆ ನಿಲ್ಲಿಸಿ, ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ. ಖಾಲಿ ಮಾಡುವಾಗ ಲಿವರ್ (ಟ್ರಿಗರ್ ಸುತ್ತಲಿನ ಹಿಡಿ) ಪೂರ್ತಿ ಆಡಿಸಿ, ಬೆರಳು ಟ್ರಿಗರ್‌ನಿಂದ ದೂರ ಇರಲಿ.

ಇದು ಹಳೆಯ ತೊಂದರೆ. ಫ್ರಾನ್ಸಿನ 1886ರ ಲೆಬೆಲ್ ರೈಫಲ್ ಕೂಡ ಟ್ಯೂಬಿನದು. ಅವರು ಚೂಪು ಗುಂಡಿಗೆ ಹೋದಾಗ ತೋಟಾದ ಬುಡದಲ್ಲಿ ಪ್ರೈಮರ್ ಸುತ್ತ ಒಂದು ತೋಡು ಕೊರೆದರು, ಹಿಂದಿನ ಗುಂಡಿನ ತುದಿ ಅದರಲ್ಲಿ ಕೂರಲಿ ಅಂತ. ನಮ್ಮ .30-30ಯಲ್ಲಿ ಅಂಥ ತೋಡು ಇಲ್ಲ.

ಟೆಕ್ಸಾಸ್‌ನಿಂದ ಮತ್ತೆ:
ತುಂಬಾ ಉಪಕಾರ ಆಯಿತು. ರೈಫಲ್ ಜೊತೆ ಬಂದ ಹಳೆಯ ಡಬ್ಬಿಯನ್ನು ಈಗಷ್ಟೇ ಮೇಜಿನ ಮೇಲೆ ಸುರಿದು ನೋಡಿದೆ. 18 ಚಪ್ಪಟೆ, 2 ಚೂಪು. ಆ ಎರಡರ ತುದಿ ಉಗುರಿಗೆ ಸ್ವಲ್ಪವೂ ಬಗ್ಗಲಿಲ್ಲ. ಬೇರೆ ತೆಗೆದಿಟ್ಟಿದ್ದೇನೆ, ಶನಿವಾರ ಗುಂಡು ಹಾರಿಸುವ ರೇಂಜಿನವರ ಕೈಗೆ ಕೊಟ್ಟು ಬರುತ್ತೇನೆ.