ಗುಬ್ಬಿಯಿಂದ ಗುಟುಕು ಪಡೆಯುತ್ತಿರುವ ಆ ದೊಡ್ಡ ಮರಿ ಕೌಬರ್ಡಿನದೇ?

ಪ್ರಶ್ನೆ: ಅಮೆರಿಕದ ನಮ್ಮ ಹಿತ್ತಿಲಿನಲ್ಲಿ ಸಾಂಗ್ ಸ್ಪ್ಯಾರೋ ಎಂಬ ಗುಬ್ಬಿಯೊಂದು ತನಗಿಂತ ದೊಡ್ಡದಾದ ಮರಿಗೆ ಗುಟುಕು ಕೊಡುತ್ತಿದೆ. ಇದು, ಕೋಗಿಲೆಯಂತೆ ಬೇರೆ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುವ ಕೌಬರ್ಡಿನ ಮರಿಯೇ? ಮುಂದೆ ಗೂಡಿನಲ್ಲಿ ಕೌಬರ್ಡಿನ ಮೊಟ್ಟೆ ಕಂಡರೆ ತೆಗೆದುಹಾಕಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲನೆಯ ಉತ್ತರ: ನೀವು ಕಂಡದ್ದು ಬಹುಮಟ್ಟಿಗೆ ಕಂದುತಲೆಯ ಕೌಬರ್ಡಿನ ಮರಿಯೇ ಇರಬೇಕು. ಹೊಳೆಯುವ ಕಪ್ಪು ಮೈ, ಕಾಫಿ ಬಣ್ಣದ ತಲೆಯ ಗಂಡನ್ನು ಗುರುತಿಸುವುದು ಸುಲಭ. ತೊಡಕಿರುವುದು ಹೆಣ್ಣು ಮತ್ತು ಮರಿಗಳಲ್ಲಿ. ಹೆಣ್ಣಿನ ಬೂದುಗಂದು ಮೈಯಲ್ಲಿ ಎದ್ದುಕಾಣುವ ಗುರುತೇ ಇಲ್ಲದ್ದರಿಂದ ಮೊದಲ ಎರಡು ವರ್ಷ ನನ್ನ ಟಿಪ್ಪಣಿಗಳಲ್ಲಿ ಅದು ಬೇರೆ ಬೇರೆ ಹೆಸರುಗಳಲ್ಲಿ ಸೇರಿಹೋಗಿತ್ತು. ಬಣ್ಣವನ್ನು ಬಿಟ್ಟು ಕೊಕ್ಕನ್ನು ನೋಡತೊಡಗಿದ ಮೇಲೆ ಗೊಂದಲ ಬಗೆಹರಿಯಿತು: ಬುಡದಲ್ಲಿ ದಪ್ಪಗಿದ್ದು ತುದಿಗೆ ಚೂಪಾಗುವ, ಕಾಳು ಒಡೆಯಲು ತಕ್ಕ ಗಿಡ್ಡ ಕೊಕ್ಕು ಅದರದು. ನೆಲದಲ್ಲಿ ಮೇಯುವಾಗ ಬಾಲವನ್ನು ಮೇಲೆತ್ತಿಕೊಂಡು ನಡೆಯುವ ಅಭ್ಯಾಸವೂ ಇದೆ. ಮರಿಗೆ ಎದೆಯ ಮೇಲೆ ಮಸುಕಾದ ಗೆರೆಗಳಿದ್ದು, ಬೆನ್ನಿನ ಗರಿಗಳ ಅಂಚು ತಿಳಿಯಾಗಿರುತ್ತದೆ.

ಮೇ, ಜೂನ್ ತಿಂಗಳಿನ ಬೆಳಗಿನಲ್ಲಿ ಹೆಣ್ಣನ್ನು ಗಮನಿಸಿ ನೋಡಿ. ಎತ್ತರದ ಒಣಕೊಂಬೆಯಲ್ಲಿ ಸದ್ದಿಲ್ಲದೆ ಕುಳಿತು, ಬಾಯಲ್ಲಿ ಹುಲ್ಲೆಸಳು ಹಿಡಿದ ಬೇರೆ ಹಕ್ಕಿ ಯಾವ ಪೊದೆಗೆ ಇಳಿಯಿತೆಂದು ಕತ್ತು ಹೊರಳಿಸಿ ನೋಡುವ ಆ ತಾಳ್ಮೆಯನ್ನು ಕಂಡಾಗ ನನಗೆ ಅದರ ಮೇಲಿದ್ದ ಸಿಟ್ಟು ಕರಗಿ, ಗೌರವ ಹುಟ್ಟಿತು. ಮೊಟ್ಟೆಯಿಡುವುದು ಮಾತ್ರ ಸಾಮಾನ್ಯವಾಗಿ ಸೂರ್ಯೋದಯಕ್ಕೂ ಮುನ್ನ, ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ.

ಎರಡನೆಯ ಉತ್ತರ: ಮೊಟ್ಟೆಯನ್ನು ದಯವಿಟ್ಟು ಮುಟ್ಟಬೇಡಿ. ಕೌಬರ್ಡ್ ಅಲ್ಲಿನ ಮೂಲನಿವಾಸಿ ಹಕ್ಕಿಯಾದ್ದರಿಂದ 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯಿದೆಯ ರಕ್ಷಣೆ ಅದಕ್ಕೂ ಇದೆ. ಅನುಮತಿಯಿಲ್ಲದೆ ಮೊಟ್ಟೆ ತೆಗೆಯುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ತೆಗೆದರೆ ಕೇಡಾಗುವುದು ನೀವು ಉಳಿಸಲು ಹೊರಟ ಹಕ್ಕಿಗೇ: ಕೌಬರ್ಡ್ ಮರಳಿ ಬಂದು ಆ ಗೂಡನ್ನೇ ಹಾಳುಮಾಡಬಹುದು. ಪ್ರೊಥೊನೊಟರಿ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಯ ಗೂಡುಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೌಬರ್ಡಿನ ಮೊಟ್ಟೆ ತೆಗೆದಿದ್ದ ಗೂಡುಗಳ ಪೈಕಿ ಶೇಕಡ 56ರಷ್ಟು ಧ್ವಂಸವಾದರೆ, ಮೊಟ್ಟೆಯನ್ನು ಹಾಗೆಯೇ ಬಿಟ್ಟಿದ್ದವುಗಳಲ್ಲಿ ಶೇಕಡ 6ರಷ್ಟು ಮಾತ್ರ ಹಾಳಾದವು.

ಕೆಲವು ಹಕ್ಕಿಗಳು ತಾವೇ ಎದುರು ನಿಲ್ಲುತ್ತವೆ. ಹಳದಿ ವಾರ್ಬ್ಲರ್ ಪರಕೀಯ ಮೊಟ್ಟೆಯನ್ನು, ಕೆಲವೊಮ್ಮೆ ತನ್ನ ಮೊಟ್ಟೆಗಳ ಸಮೇತ, ಮುಚ್ಚಿ ಅದರ ಮೇಲೆಯೇ ಹೊಸ ತಳ ಹೆಣೆಯುತ್ತದೆ. ಎಲೆಯುದುರಿದ ಮೇಲೆ ಪೊದೆಯೊಂದರಲ್ಲಿ ಅಂಥ ಗೂಡನ್ನು ಕಂಡಿದ್ದೆ. ಮಾಮೂಲಿಗಿಂತ ಎತ್ತರವಾಗಿತ್ತು, ಬದಿಯ ನಾರು ಸಡಿಲಗೊಂಡಿದ್ದ ಕಡೆ ಕಂದು ಚುಕ್ಕೆಗಳ ಚಿಪ್ಪಿನ ಅಂಚು ಇಣುಕುತ್ತಿತ್ತು.