ಅಲಾರಂ ಇಟ್ಟರೂ ಕೆಲಸ ಮರೆತು ಹೋಗುತ್ತದೆ. ಆಟಿಸಂ ಇರುವ ದೊಡ್ಡವರು ಇದಕ್ಕೆ ಏನು ಮಾಡುತ್ತೀರಿ?

ಕಿಟಕಿಸೀಟು:
ನನಗೆ ಆಟಿಸಂ ಇದೆ ಎಂದು ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಹಳೆಯದು ಯಾವುದೂ ಮರೆಯುವುದಿಲ್ಲ, ಕಾಲೇಜಿಗೆ ಹೋಗುತ್ತಿದ್ದ ಬಸ್ಸುಗಳ ನಂಬರ್ ಈಗಲೂ ಹೇಳುತ್ತೇನೆ. ಆದರೆ ನಾಲ್ಕು ಗಂಟೆಗೆ ಮ್ಯಾನೇಜರ್‌ಗೆ ಫೋನ್ ಮಾಡಬೇಕು ಅಂದರೆ, ಅವರೇ ಫೋನ್ ಮಾಡಿ ಬೈದಾಗಲೇ ನೆನಪಾಗುವುದು. ಅಲಾರಂ ಇಡುತ್ತೇನೆ. ಅದು ಹೊಡೆಯುತ್ತದೆ, ನಾನು ಕೆಲಸದಲ್ಲಿ ಮುಳುಗಿರುತ್ತೇನೆ, ಕೈ ತಾನಾಗಿಯೇ ಆಫ್ ಮಾಡುತ್ತದೆ, ಮುಗೀತು. ಅದೇ ಕುಕ್ಕರ್ ಮೂರು ವಿಷಲ್ ಕೂಗಿದ ಮೇಲೆ ಒಲೆ ಆರಿಸುವುದು ಮಾತ್ರ ತಪ್ಪುವುದೇ ಇಲ್ಲ. "ನಿನಗೆ ಬೇಕಾದ್ದು ಮಾತ್ರ ನೆನಪಿರುತ್ತೆ" ಅಂತಾರೆ ಮನೆಯಲ್ಲಿ. ಹೀಗೆ ಯಾರಿಗಾದರೂ ಆಗುತ್ತದಾ?

ಅರ್ಧಕಾಫಿ:
ಆಗುತ್ತದೆ, ಅದರ ಬಗ್ಗೆ ಸಂಶೋಧನೆಯೂ ಇದೆ. ಮುಂದೆ ಮಾಡಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ನೆನಪಿಸಿಕೊಳ್ಳುವುದಕ್ಕೆ ಪ್ರಾಸ್ಪೆಕ್ಟಿವ್ ಮೆಮೊರಿ ಅನ್ನುತ್ತಾರೆ. ಮನಶ್ಶಾಸ್ತ್ರಜ್ಞರಾದ ಗಿಲ್ಸ್ ಐನ್‌ಸ್ಟೈನ್ (ಆ ಐನ್‌ಸ್ಟೈನ್ ಅಲ್ಲ!) ಮತ್ತು ಮಾರ್ಕ್ ಮೆಕ್‌ಡೇನಿಯಲ್ 1990ರಲ್ಲಿ ಇದನ್ನು ಎರಡು ಬಗೆಯಾಗಿ ನೋಡಿದರು. ಏನಾದರೂ ಸುಳಿವು ಕಂಡಾಗ, ಕೇಳಿದಾಗ ಮಾಡುವ ಕೆಲಸ ಒಂದು, ನಿಮ್ಮ ವಿಷಲ್ ಥರ. ಗಂಟೆ ನೋಡಿಕೊಂಡು ಮಾಡುವುದು ಇನ್ನೊಂದು. ಎರಡನೆಯದಕ್ಕೆ ಹೊರಗಿನಿಂದ ಯಾರೂ ಎಚ್ಚರಿಸುವುದಿಲ್ಲ, ಬೇರೆ ಕೆಲಸ ಮಾಡುತ್ತಲೇ ನಡುನಡುವೆ ನೀವೇ ಗಡಿಯಾರ ನೋಡಬೇಕು. ಡೇವಿಡ್ ವಿಲಿಯಮ್ಸ್ ಮತ್ತು ಜೊತೆಗಾರರು 2014ರಲ್ಲಿ ಆಟಿಸಂ ಇರುವ ದೊಡ್ಡವರನ್ನು ಪರೀಕ್ಷಿಸಿದಾಗ, ಆಟಿಸಂ ಇಲ್ಲದವರಿಗಿಂತ ಅವರು ಗಂಟೆಯ ಕೆಲಸದಲ್ಲಿ ಹಿಂದೆ ಬಿದ್ದರು, ಸುಳಿವಿನ ಕೆಲಸದಲ್ಲಿ ಬೀಳಲಿಲ್ಲ. ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದ 2017ರ ಒಂದು ವಿಶ್ಲೇಷಣೆಯಲ್ಲೂ ಗಂಟೆಯದರಲ್ಲಿ ವ್ಯತ್ಯಾಸ ದೊಡ್ಡದು, ಸುಳಿವಿನದರಲ್ಲಿ ಚಿಕ್ಕದು. ಮನೆಯವರಿಗೆ ಇದನ್ನು ತೋರಿಸಿ.

ರಾಗಿಮುದ್ದೆ77:
ಎಲ್ಲರೂ ಮರೆಯುತ್ತಾರೆ ಗುರು. ಎಲ್ಲದಕ್ಕೂ ಒಂದು ಹೆಸರು ಇಡಲೇಬೇಕಾ?

ಅರ್ಧಕಾಫಿ:
ಮರೆಯುತ್ತಾರೆ, ಸರಿ. ಆದರೆ ಕೆಲಸ ಹೋಗುವಷ್ಟು ಮರೆತರೆ ಕಾರಣ ಹುಡುಕಬೇಕು ಅಲ್ವಾ? ಆಟಿಸಂ ಜೊತೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಇರುವವರೂ ಬಹಳ ಜನ. ಡಾಕ್ಟರುಗಳು ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ ಡಿಎಸ್ಎಂನ ಐದನೇ ಆವೃತ್ತಿ 2013ರಲ್ಲಿ ಬರುವ ತನಕ, ಒಬ್ಬರಿಗೇ ಎರಡೂ ಇದೆ ಎಂದು ಬರೆಯಲು ಆ ಕೈಪಿಡಿಯ ಹಳೆಯ ನಿಯಮವೇ ಬಿಡುತ್ತಿರಲಿಲ್ಲ. ಕಿಟಕಿಸೀಟು, ಡಾಕ್ಟರ್ ಹತ್ತಿರ ಅದನ್ನೂ ಒಮ್ಮೆ ಕೇಳಿ.

ಮೈಸೂರ್‌ಮಳೆ:
ನನಗೂ ಆಟಿಸಂ ಇದೆ. ನಾನು ಗಂಟೆಯ ಕೆಲಸಗಳನ್ನೆಲ್ಲ ಬೇರೆ ಯಾವುದಾದರೂ ಕೆಲಸದ ಬಾಲಕ್ಕೆ ಕಟ್ಟಿಬಿಡುತ್ತೇನೆ. "ರಾತ್ರಿ ಒಂಬತ್ತಕ್ಕೆ ಮಾತ್ರೆ" ಅಲ್ಲ, "ಹಲ್ಲುಜ್ಜಿ ಬ್ರಷ್ ಇಟ್ಟ ಕೂಡಲೇ ಮಾತ್ರೆ". ಮಾತ್ರೆ ಡಬ್ಬಿಯೂ ಬ್ರಷ್ ಪಕ್ಕದಲ್ಲೇ. ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಟ್ಟಿ ಮಾಡಿಕೊಳ್ಳುವ ಈ ಪ್ಲಾನಿನ ಬಗ್ಗೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲೇ ಬರೆದಿದ್ದಾರೆ, ಆಟಿಸಂಗೆ ಅಂತಲೇ ಅಲ್ಲ, ಎಲ್ಲರಿಗೂ. ಒಂದು ಎಚ್ಚರಿಕೆ, ದಿನಾ ನಡೆಯುವ ಕೆಲಸಕ್ಕೇ ಕಟ್ಟಿ. ಮೊದಲು ಆಫೀಸ್ ಡಬ್ಬಿ ತೊಳೆಯುವುದಕ್ಕೆ ಕಟ್ಟಿದ್ದೆ, ಭಾನುವಾರ ಡಬ್ಬಿಯೂ ಇಲ್ಲ ಮಾತ್ರೆಯೂ ಇಲ್ಲ.

ಅಲಾರಂ ಬೇಕೇ ಬೇಕು ಅಂದರೆ ಫೋನನ್ನು ಕೈಗೆ ಸಿಗದಷ್ಟು ದೂರ ಇಡಿ. ಅಲಾರಂಗೆ "ಕಾಲ್" ಎಂದು ಹೆಸರು ಕೊಡಬೇಡಿ. "ಎದ್ದು ನಿಲ್ಲು, ಹೆಡ್‌ಫೋನ್ ತೆಗೆ, ಈಗಲೇ ಡಯಲ್ ಮಾಡು" ಎಂದು ಬರೆಯಿರಿ. ಎಲ್ಲಾ ಕೆಲಸಕ್ಕೂ ಒಂದೇ ರಿಂಗ್‌ಟೋನ್ ಇದ್ದರೆ ಸ್ವಲ್ಪ ದಿನಕ್ಕೆ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆಗಾಗ ಬದಲಿಸುತ್ತಿರಿ.

ತಮ್ಮನಅಕ್ಕ:
ನನ್ನ ತಮ್ಮನಿಗೆ ಹೀಗೇ. ದಿನಕ್ಕೆ ಹತ್ತು ಸಲ "ನೆನಪಿದೆಯಾ?" ಅಂದರೆ ಅವನಿಗೆ ತಲೆ ಕೆಡುತ್ತದೆ, ಕೆಲಸವೂ ಆಗುವುದಿಲ್ಲ. ಈಗ ಯಾವುದನ್ನು ನೆನಪಿಸಲಿ, ಯಾವಾಗ, ಮೆಸೇಜಾ ಮಾತಾ ಎಂದು ಅವನನ್ನೇ ಕೇಳುತ್ತೇನೆ. ಉಳಿದದ್ದಕ್ಕೆ ಬಾಯಿ ಹಾಕುವುದಿಲ್ಲ. ಅಮ್ಮನಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು!

ಕಿಟಕಿಸೀಟು:
ಥ್ಯಾಂಕ್ಸ್ ಎಲ್ಲರಿಗೂ. ಆ ಕಾಲನ್ನು ಸಂಜೆ ಟೀ ಆದ ಕೂಡಲೇ ಇಟ್ಟುಕೊಳ್ಳೋಣವಾ ಎಂದು ಮ್ಯಾನೇಜರ್‌ನ ಕೇಳುತ್ತೇನೆ. ಆದರೆ ವರ್ಷಕ್ಕೊಮ್ಮೆ ಬರುವ ಗಾಡಿ ಇನ್ಶೂರೆನ್ಸ್ ಥರದ್ದನ್ನು ಯಾವ ಬಾಲಕ್ಕೆ ಕಟ್ಟೋದು?

ಮೈಸೂರ್‌ಮಳೆ:
ಅದಕ್ಕೆ ಕಟ್ಟುವುದೇ ಬೇಡ. ಕರೆಂಟ್ ಬಿಲ್ಲಿಗೆ ಆಟೋಪೇ ಹಾಕಿ. ಇನ್ಶೂರೆನ್ಸ್ ನಾನಂತೂ ನಮ್ಮಣ್ಣನಿಗೆ ಒಪ್ಪಿಸಿದ್ದೇನೆ, ಅವನ ಇನ್‌ಕಮ್ ಟ್ಯಾಕ್ಸ್ ಫೈಲಿಂಗ್ ಪೂರ್ತಿ ನನ್ನದು.